ಅಜ್ಜೆರ ಹೊಟ್ಟೆಯ ಹೊಸ ಪ್ರಭೇದ

ಜನವರಿ 11, 1981, ಭಾನುವಾರ

ಇವತ್ತು ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬರುವಾಗ ಒಬ್ಬರು ಹೆಂಗಸು ನನ್ನ ಕೈಹಿಡಿದು ನಿಲ್ಲಿಸಿದರು. ಪಕ್ಕದಲ್ಲಿ ಬಹರೈನಿನಿಂದ ರಜೆಯಲ್ಲಿ ಬಂದ ಅವರ ಮಗ.

"ಐರಿನ್, ನೀನು ಕಾಲೇಜಿನಲ್ಲಿ ಪಾಠ ಮಾಡುತ್ತಾ ಡಾಕ್ಟರೇಟೂ ಮಾಡುತ್ತೀಯಂತೆ. ಯಾವುದರಲ್ಲಿ?"

"ನೀರಿಗೆ ಸಂಬಂಧಪಟ್ಟದ್ದು."

"ನೀರಿನಲ್ಲಿ ಎಂತ?"

"ಸಣ್ಣ ಸಣ್ಣ ಜೀವಿಗಳು."

"ಮೀನಾ?"

"ಮೀನಿಗಿಂತ ಸಣ್ಣದು."

"ಸಿಗಡಿ!" ಎಂದು ಅವರೇ ತೀರ್ಮಾನಿಸಿ ಸಂತೋಷಪಟ್ಟರು. ನಾನು ತಿದ್ದಲಿಲ್ಲ.

ಇಲ್ಲಿಯಾದರೂ ನಿಜ ಬರೆಯಬೇಕು. ಸರೀಸೃಪಗಳ ಕರುಳಿನಲ್ಲಿ ಬದುಕುವ ಒಂದೇ ಕೋಶದ ಜೀವಿಗಳನ್ನು ಹುಡುಕಿ, ಅಳೆದು, ಚಿತ್ರ ಬಿಡಿಸಿ, ಯಾವುದು ಯಾವ ಪ್ರಭೇದ ಎಂದು ವಿಂಗಡಿಸುವುದು ನನ್ನ ಕೆಲಸ. ಅದಕ್ಕಾಗಿ ಹಲ್ಲಿ, ಓತಿ, ಹಾವುರಾಣಿಗಳನ್ನು ಹಿಡಿದು ಡಬ್ಬಿಯಲ್ಲಿಟ್ಟು, ಅವು 'ಮಾದರಿ' ಕೊಡುವವರೆಗೆ ಕಾಯುತ್ತೇನೆ. ಬಾಡಿಗೆಗೆ ಕೋಣೆ ಕೊಟ್ಟಿರುವ ಜೆರ್ಟ್ರೂಡ್ ಬಾಯಿಗೂ ಇದು ಗೊತ್ತಿಲ್ಲ. ಅವರ ಲೆಕ್ಕದಲ್ಲಿ ನನ್ನದು ಜಲವಿಜ್ಞಾನ.

ಮಣಿಪಾಲದಲ್ಲಿರುವ ನನ್ನ ಮಾರ್ಗದರ್ಶಕ ಡಾ. ಬ್ಯಾಪ್ಟಿಸ್ಟ್ ನಿನ್ನೆ ಕನ್ನಡಕ ಒರೆಸುತ್ತಾ, "ನೋಡಮ್ಮ, ಇಷ್ಟು ಸಮಯ ಆಯಿತು. ನೀನು ಕಂಡುಹಿಡಿದದ್ದೆಲ್ಲ ಬೇರೆಯವರು ಕಂಡುಹಿಡಿದದ್ದೇ. ಏನಾದರೂ ಹೊಸತು ಬೇಕು" ಎಂದರು.

"ಆಗಲಿ ಸಾರ್" ಎಂದೆ. ಹೊಸತು ಎಲ್ಲಿಂದ ತರುವುದು ಎಂದು ಕೇಳಬೇಕಿತ್ತು. ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಜನವರಿ 26, ಸೋಮವಾರ

ರಜೆ. ಬಂಡೆಯ ಓತಿ ಹಿಡಿಯಲು ಕಾರ್ಕಳಕ್ಕೆ ಹೋದೆ. ನಮ್ಮ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಮನೋರಮಾ ಜೊತೆಗೆ ಬಂದಳು. ಉದ್ದ ಕೋಲಿನ ತುದಿಗೆ ನೂಲಿನ ಕುಣಿಕೆ ಕಟ್ಟಿ ಬಿಸಿ ಬಂಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದೆ. ಬಾಹುಬಲಿಯನ್ನು ನೋಡಲು ಬಂದ ಒಂದು ಬಸ್ಸಿನ ಜನ ನನ್ನನ್ನೇ ನೋಡುತ್ತಾ ನಿಂತರು.

"ಅವರು ಎಂತ ಮಾಡ್ತಾ ಇದ್ದಾರೆ?"

ನಾನು ಮುಖವನ್ನು ಬಂಡೆಯ ಕಡೆ ತಿರುಗಿಸಿದೆ. ಮನೋರಮಾ ಒಂದು ಕ್ಷಣವೂ ಯೋಚಿಸದೆ, "ಹರಕೆ" ಎಂದಳು.

ಅವರಲ್ಲಿ ಇಬ್ಬರು ನನಗೆ ಕೈಮುಗಿದು ಹೋದರು. ಓತಿ ಸಿಗಲಿಲ್ಲ.

ಫೆಬ್ರವರಿ 8, ಭಾನುವಾರ

ಮನೋರಮಾಳ ಮನೆ ಕಾಪುವಿನಲ್ಲಿ. ಅವಳ ನೆರೆಮನೆಯ ಬಾವಿಯಲ್ಲಿ ಒಂದು ಆಮೆ ಉಂಟು ಎಂದು ನನಗೆ ಇಷ್ಟು ದಿನ ಹೇಳಲೇ ಇಲ್ಲ. "ಕೇಳಿದರೆ ತಾನೆ ಹೇಳುವುದು" ಎನ್ನುತ್ತಾಳೆ.

ಆ ಮನೆಯ ಯಜಮಾನಿ ಪುಷ್ಪಾವತಿ ಮೀನಿನ ವ್ಯಾಪಾರದವರು. ಅವರ ತಮ್ಮ ಗುಣಪಾಲರಿಗೆ ಮಲ್ಪೆಯಲ್ಲಿ ದೋಣಿ ಉಂಟು. ಮಗಳು ಕಮಲಳಿಗೆ ಹೆಜಮಾಡಿಯಿಂದ ಒಂದು ಸಂಬಂಧ ಕೂಡಿಬಂದಿದೆ, ಏಪ್ರಿಲಿನಲ್ಲಿ ನಿಶ್ಚಯ. ಇದೆಲ್ಲ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ತಿಳಿಯಿತು.

ಬಾವಿ ಚೊಕ್ಕವಾಗಿರಲಿ ಎಂದು ಅವರ ಅಜ್ಜಿಯ ಕಾಲದಲ್ಲಿ ಬಿಟ್ಟ ಆಮೆಯಂತೆ. ಎಲ್ಲರೂ ಅದನ್ನು 'ಅಜ್ಜೆರ್' ಎನ್ನುತ್ತಾರೆ. ತುಳುವಿನಲ್ಲಿ ಅಜ್ಜನನ್ನು ಹಾಗೆ ಗೌರವದಿಂದ ಕರೆಯುವುದು. ಬುಟ್ಟಿ ಇಳಿಸಿ ಮೇಲೆತ್ತಿ, ಬಟ್ಟೆ ಒಗೆಯುವ ಬಾನಿಯಲ್ಲಿ ಇಟ್ಟರು. ನಾನು ಎದುರು ಕುಳಿತೆ. ಊಟದ ಹೊತ್ತು ದಾಟಿತು. ಆಮೆ ನನ್ನನ್ನು ನೋಡಿತು, ನಾನು ಆಮೆಯನ್ನು ನೋಡಿದೆ.

"ಟೀಚರ್, ನಿಮಗೆ ಎಂತ ಬೇಕು ಅದರಿಂದ?" ಪುಷ್ಪಾವತಿಯವರು ಮೂರನೆಯ ಸಲ ಕೇಳಿದರು.

ಮನೋರಮಾ ಅವರ ಕಿವಿಯಲ್ಲಿ ಹೇಳಿದಳು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಕ್ಕ ಸದ್ದು ಅಡುಗೆಮನೆಯಿಂದ ತುಂಬ ಹೊತ್ತು ಬಂತು. ಹೊರಗೆ ಬಂದವರು, "ನೀವು ಹೀಗೆ ದಿಟ್ಟಿಸಿದರೆ ಅದಾದರೂ ಹೇಗೆ ಮಾಡುವುದು ಮಾರಾಯ್ರೆ? ಅದಕ್ಕೂ ಮರ್ಯಾದೆ ಇಲ್ವಾ? ಬನ್ನಿ, ಚಾ ಕುಡಿಯುವ" ಎಂದರು.

ಚಾ ಕುಡಿದು ಬರುವಾಗ ಆಗಿತ್ತು.

ಮಾದರಿಯನ್ನು ಬೆಚ್ಚಗಿನ ಉಪ್ಪುನೀರಿನ ಜೊತೆ ಫ್ಲಾಸ್ಕಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಫ್ಲಾಸ್ಕ್ ನೋಡಿ, "ಕಾಫಿ ಉಂಟಾ ಅಕ್ಕ, ಒಂದು ಗುಟುಕು?" ಎಂದ. ತಣ್ಣಗಾಗಿದೆ ಎಂದೆ. ಪರವಾಗಿಲ್ಲ ಎಂದ. ಮುಂದಿನ ನಿಲ್ದಾಣದಲ್ಲೇ ಇಳಿದು ಬೇರೆ ಬಸ್ಸಿಗೆ ಕಾದೆ.

ಫೆಬ್ರವರಿ 9, ಸೋಮವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಗೇರುಬೀಜದ ಆಕಾರ. ಮೈತುಂಬ ರೋಮ. ಒಂದು ಬದಿಯಲ್ಲಿ ಬಾಯಿಯ ಸೀಳು. ನಿಕ್ಟೊಥೀರಸ್ ಎಂಬ ಕುಲಕ್ಕೆ ಸೇರಿದ್ದು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಅದರ ದೊಡ್ಡ ಕೋಶಕೇಂದ್ರ ನಾನು ಓದಿದ ಯಾವುದರಂತೆಯೂ ಇಲ್ಲ. ಎಲ್ಲವಕ್ಕೂ ಉಂಡೆಯೋ, ಮೊಟ್ಟೆಯೋ, ಹುರುಳಿಕಾಳೋ ಇದ್ದಂತೆ ಇರುತ್ತದೆ. ಇದಕ್ಕೆ ಕುದುರೆಯ ಲಾಳದ ಹಾಗೆ ಬಾಗಿದೆ! ಒಂದಲ್ಲ, ಕಂಡವೆಲ್ಲ ಹಾಗೆಯೇ.

ಹೊಸತು. ಹೊಸತು. ಹೊಸತು.

ಫೆಬ್ರವರಿ 14, ಶನಿವಾರ

ಸಾರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲೇ ಇಲ್ಲ. ಅವರ ಪತ್ನಿ ಆಂಜೆಲಾ ಬಾಯಿ ಕಾಫಿ ತಂದಿಟ್ಟು, ಅದು ಕೆನೆಗಟ್ಟಿದ ಮೇಲೆ ತೆಗೆದುಕೊಂಡು ಹೋದರು.

ಕೊನೆಗೆ ಸಾರ್ ನೆಟ್ಟಗೆ ಕುಳಿತು, "ಹೊಸ ಪ್ರಭೇದವೇ. ಇದಕ್ಕೆ ಹೆಸರಿಡಬೇಕು" ಎಂದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಶಿಷ್ಯರು ಸಾಮಾನ್ಯವಾಗಿ ಗುರುಗಳ ಹೆಸರಿಡುತ್ತಾರೆ. ಹಾಗೆ ಮಾಡಬೇಕು ಎಂದು ನಾನು ಹೇಳುವುದಿಲ್ಲ."

ಕನ್ನಡಕ ತೆಗೆದು ಒರೆಸಿದರು.

"ನಿಕ್ಟೊಥೀರಸ್ ಬ್ಯಾಪ್ಟಿಸ್ಟೈ. ಕೇಳಲಿಕ್ಕೆ ಕೆಟ್ಟದಾಗಿಲ್ಲ, ಅಲ್ವಾ?"

"ಆಗಲಿ ಸಾರ್" ಎಂದೆ. ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಮೆಟ್ಟಿಲಿಳಿಯುವಾಗ ಹೊಳೆಯಿತು.

ಮಾರ್ಚ್ 15, ಭಾನುವಾರ

ಅನಾಹುತವಾಗಿದೆ. ಇದಕ್ಕೆ ಮನೋರಮಾ ಕಾರಣ, ಆದರೆ ಅವಳದು ಬರೀ ಸಂತೋಷ. ಕಾಪುವಿನ ಬಸ್ಸಿನಲ್ಲಿ ಯಾರಿಗೋ, "ನಮ್ಮ ಪುಷ್ಪಕ್ಕನ ಬಾವಿಯಲ್ಲಿ ಪ್ರಪಂಚದಲ್ಲೇ ಇಲ್ಲದ ಜೀವಿ ಸಿಕ್ಕಿದೆ" ಎಂದಳಂತೆ. ಇಳಿಯುವ ಹೊತ್ತಿಗೆ ಅದು ಹುಳವಾಗಿತ್ತು. ಮಾರುಕಟ್ಟೆ ತಲುಪುವಾಗ ಅದಕ್ಕೆ ರೋಮ ಬಂದಿತ್ತು. ಇದೊಂದು ಮಾತ್ರ ನಿಜ. ಈಗ ಅದು ನೀರಿನೊಟ್ಟಿಗೆ ಹೊಟ್ಟೆಗೆ ಹೋಗಿ ಅಲ್ಲೇ ಮನೆಮಾಡುತ್ತದೆ ಎಂಬಲ್ಲಿಗೆ ಬಂದು ನಿಂತಿದೆ.

ಆ ಬಾವಿಯಿಂದ ನೀರು ಸೇದುತ್ತಿದ್ದ ನೆರೆಯವರೆಲ್ಲ ಬರುವುದನ್ನು ನಿಲ್ಲಿಸಿದ್ದಾರೆ. ನಾನು ಹೋಗಿ ವಿವರಿಸಬೇಕು. ಆದರೆ ಏನೆಂದು ಹೇಳುವುದು? 'ಕರುಳು' ಎಂದು ಶುರು ಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತು.

ಮಾರ್ಚ್ 22, ಭಾನುವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಪುಷ್ಪಾವತಿಯವರು, ತಲೆಯ ಮೇಲೆ ಮೀನಿನ ಬುಟ್ಟಿ. ಬುಟ್ಟಿ ಇಳಿಸಿದರು. ಒಳಗೆ ಆಮೆ.

"ತಕ್ಕೊಳ್ಳಿ ಟೀಚರ್. ನೀವೇ ಸಾಕಿ. ಹೆಜಮಾಡಿಯವರಿಗೆ ಸುದ್ದಿ ಹೋಗಿದೆ. ಹುಡುಗನ ಸೋದರಮಾವ ಚಂದು ಅಂತ ಇದ್ದಾರೆ, ಅವರು ಹೇಳಿದ್ದೇ ಅಲ್ಲಿ ಕಾನೂನು. ಆಮೆ ಬಾವಿಯಲ್ಲಿದ್ದರೆ ನಿಶ್ಚಯಕ್ಕೆ ಬರುವುದೇ ಇಲ್ಲ ಅಂದಿದ್ದಾರೆ."

ಮಾತು ಗಟ್ಟಿಯಾಗಿಯೇ ಇತ್ತು. ಹೋಗುವಾಗ ಮಾತ್ರ ಬಗ್ಗಿ, ಚಿಪ್ಪಿನ ಮೇಲೆ ಕೈಯಿಟ್ಟು, "ಅಜ್ಜೆರೇ, ಬರ್ತೇನೆ" ಎಂದರು. ಅಳುತ್ತಿದ್ದರು.

ಅಷ್ಟರಲ್ಲಿ ಜೆರ್ಟ್ರೂಡ್ ಬಾಯಿ ಬಂದು ನಿಂತರು. "ಐರಿನ್, ಇದು ಜಲವಿಜ್ಞಾನವಾ?"

ಎಲ್ಲ ಹೇಳಿದೆ. ಬೇರೆ ದಾರಿ ಇರಲಿಲ್ಲ. ಅವರು ಕೇಳಿದ್ದು ಒಂದೇ: "ಅಂದರೆ ನನ್ನ ಮನೆಯಲ್ಲಿ ಇಷ್ಟು ಸಮಯ ಡಬ್ಬಿಗಳಲ್ಲಿ ಇದ್ದದ್ದು ಅದಾ?" ಅದೇ ಎಂದೆ. ಕುರ್ಚಿಯಲ್ಲಿ ಕುಳಿತು ಜಪಮಾಲೆ ಹಿಡಿದುಕೊಂಡರು.

ಆಮೆ ಬಚ್ಚಲುಮನೆಯಲ್ಲಿದೆ.

ಮಾರ್ಚ್ 27, ಶುಕ್ರವಾರ

ಜೆರ್ಟ್ರೂಡ್ ಬಾಯಿ ಆಮೆಗೆ ಬಾಳೆಹಣ್ಣು, ಬೂತಾಯಿ ಮೀನು, ಹಾಲಿನಲ್ಲಿ ನೆನೆಸಿದ ಬನ್ನು ಕೊಡುತ್ತಿದ್ದಾರೆ. "ತಪಸ್ಸುಕಾಲದ ಉಪವಾಸ ನಮಗೆ. ಅದು ಹಿಂದೂ ಮನೆಯದ್ದು" ಎಂದು ಸಮಜಾಯಿಷಿ. ಅಜ್ಜೆರ್ ಈಗ ಅವರ ಹೆಜ್ಜೆಯ ಸದ್ದು ಕೇಳಿದರೆ ಕತ್ತು ಹೊರಗೆ ಹಾಕುತ್ತಾರೆ.

ಹಿಕ್ಕೆ ಧಾರಾಳವಾಗಿ ಸಿಗುತ್ತಿದೆ. ದಿನವೂ ಗಾಜಿನ ಪಟ್ಟಿಗಳ ಮೇಲೆ ಹಚ್ಚಿ ಬಣ್ಣ ಕಟ್ಟಿ ಇಡುತ್ತಿದ್ದೇನೆ. ನೋಡಲು ಪುರುಸೊತ್ತಿಲ್ಲ, ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಬಿದ್ದಿದೆ.

ಏಪ್ರಿಲ್ 4, ಶನಿವಾರ

ಆಮೆ ನನ್ನ ಹತ್ತಿರವೇ ಇದೆ ಎಂದು ತಿಳಿದು ಸಾರ್ ಉಲ್ಲಾಸಗೊಂಡರು. "ಒಳ್ಳೆಯದಾಯಿತು! ಜೀವಿ ಕರುಳಿನ ಯಾವ ಭಾಗದಲ್ಲಿದೆ ಎಂದು ಬರೆಯಬೇಕಲ್ಲ. ಕೊಯ್ದುಬಿಡು."

"ಆಗುವುದಿಲ್ಲ ಸಾರ್" ಎಂದೆ.

ಸಾರ್ ಕನ್ನಡಕ ತೆಗೆದರು. "ಎಂತ?"

"ಅವರು ನಮ್ಮವರಲ್ಲ ಸಾರ್. ಪುಷ್ಪಕ್ಕನ ಮನೆಯವರು. ತಿರುಗಿ ಕೊಡಬೇಕು."

"ಯಾರು ಅವರು?"

"ಅಜ್ಜೆರ್ ಸಾರ್."

ಸಾರ್ ನನ್ನ ಹಣೆ ಮುಟ್ಟಿ ನೋಡಿ, ಬಿಸಿಲಿನಲ್ಲಿ ತಿರುಗಬೇಡ ಎಂದು ಹೇಳಿ ಕಳಿಸಿದರು. ಜ್ವರವೇನೂ ಇಲ್ಲ. ಹಿಂದೆ ಬರುವಾಗ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಬಂತು.

ಏಪ್ರಿಲ್ 14, ಮಂಗಳವಾರ

ಕಮಲ ಬಂದಿದ್ದಳು. ಬಚ್ಚಲುಮನೆಗೆ ಹೋಗಿ ಅಜ್ಜೆರನ್ನು ನೋಡಿ, "ದಪ್ಪ ಆಗಿದ್ದಾರೆ" ಎಂದಳು. ಆಮೇಲೆ ವಿಷಯ ಹೇಳಿದಳು.

ಆಮೆ ಹೋದರೂ ಹೆಜಮಾಡಿಯ ಚಂದುವಿಗೆ ಸಮಾಧಾನವಿಲ್ಲವಂತೆ. ಹುಳ ನೀರಿನಲ್ಲಿ ಉಳಿದಿರುತ್ತದೆ, ಆದ್ದರಿಂದ ನಿಶ್ಚಯಕ್ಕೆ ಬರುವಾಗ ತಮ್ಮ ನೀರನ್ನು ತಾವೇ ಡ್ರಮ್ಮಿನಲ್ಲಿ ತರುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಇದನ್ನು ಕೇಳಿ ಗುಣಪಾಲರು, "ನಮ್ಮ ನೀರು ಕುಡಿಯದವರಿಗೆ ನಮ್ಮ ಹುಡುಗಿ ಎಂತಕ್ಕೆ? ಡ್ರಮ್ಮು ಗೇಟು ದಾಟಿದರೆ ಮಾತು ಮುರಿಯಿತು" ಎಂದಿದ್ದಾರೆ.

"ನಿನಗೆ ಹುಡುಗ ಇಷ್ಟವಾ?" ಎಂದು ಕೇಳಿದೆ.

"ರುಕ್ಮಯ ಅಂತ ಹೆಸರು. ಹೆಚ್ಚು ಮಾತಾಡುವುದಿಲ್ಲ" ಎಂದು ನೆಲ ನೋಡಿದಳು. "ಆದರೆ ಕೇಳಿಸಿಕೊಳ್ಳುತ್ತಾರೆ. ಟೀಚರ್, ನೀವು ಬಂದು ಅವರಿಗೆ ಒಂದು ಮಾತು ಹೇಳ್ತೀರಾ?"

ಸೋಮವಾರ ನಿಶ್ಚಯ. ಬರುತ್ತೇನೆ ಎಂದೆ.

ಏಪ್ರಿಲ್ 19, ಈಸ್ಟರ್

ತಪಸ್ಸುಕಾಲ ಮುಗಿಯಿತು. ಜೆರ್ಟ್ರೂಡ್ ಬಾಯಿಯ ಹಂದಿ ಮಾಂಸ, ಅದಕ್ಕೆ ಇಡ್ಲಿಯಂಥ ಸನ್ನ. ಮತ್ತೆ ಹಂದಿ ಮಾಂಸ. ಬರೆಯಲು ಬಾಗಲಾಗುವುದಿಲ್ಲ.

ಏಪ್ರಿಲ್ 20, ಸೋಮವಾರ

ಬೆಳಿಗ್ಗೆ ಎದ್ದಾಗಲೇ ಹೊಟ್ಟೆ ಸರಿಯಿರಲಿಲ್ಲ. ಎರಡು ಸಲ ಹೋಗಿ ಬಂದೆ. ಜೆರ್ಟ್ರೂಡ್ ಬಾಯಿ ಓಮದ ಕಷಾಯ ಕೊಟ್ಟರು. ಅಜ್ಜೆರನ್ನು ಬುಟ್ಟಿಯಲ್ಲಿ ಕೂರಿಸಿ, ತಾವೂ ಒಳ್ಳೆಯ ಸೀರೆ ಉಟ್ಟು ಹೊರಟರು. ಮನೆಗೆ ಬಿಟ್ಟುಬರಬೇಕಾದರೆ ತಾವೇ ಬಿಟ್ಟುಬರಬೇಕಂತೆ.

ಕಾಪುವಿನಲ್ಲಿ ಅಂಗಳ ತುಂಬ ಚಪ್ಪರ. ಹೆಜಮಾಡಿಯವರ ಟೆಂಪೋ ಗೇಟಿನ ಹೊರಗೆ ನಿಂತಿತ್ತು, ಅದರೊಳಗೆ ನೀಲಿ ಡ್ರಮ್ಮು. ಗುಣಪಾಲರು ಗೇಟಿನ ಪಕ್ಕ ತೋಳು ಕಟ್ಟಿ ನಿಂತು ಡ್ರಮ್ಮನ್ನೇ ನೋಡುತ್ತಿದ್ದರು. ಬಂದವರು ಒಳಗೆ ಬಂದರು, ಡ್ರಮ್ಮು ಬರಲಿಲ್ಲ.

ಬೆಲ್ಲ-ನೀರಿನ ತಟ್ಟೆ ಬಂತು. ಚಂದು ದೊಡ್ಡ ಮೀಸೆಯ, ಗಂಭೀರ ಮನುಷ್ಯ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ನೀರಿನ ಚೊಂಬನ್ನು ಪಕ್ಕದವರಿಗೆ ದಾಟಿಸಿದರು. ಪಕ್ಕದವರೂ ಬೆಲ್ಲ ತೆಗೆದುಕೊಂಡು ದಾಟಿಸಿದರು. ಹೀಗೆ ಚೊಂಬು ಇಡೀ ಚಪ್ಪರ ಸುತ್ತಿ ತುಂಬಿದ್ದ ಹಾಗೆಯೇ ತಿರುಗಿ ಬಂತು. ಏಪ್ರಿಲಿನ ಆ ಸೆಕೆಯಲ್ಲಿ ಒಣ ಬೆಲ್ಲ ಜಗಿಯುತ್ತಾ ಎಲ್ಲರೂ ಕುಳಿತಿದ್ದರು. ಯಾರಿಗೂ ಬಾಯಿ ಬಿಡಲಾಗುತ್ತಿರಲಿಲ್ಲ.

ಪುಷ್ಪಕ್ಕನ ಮುಖ ನೋಡಲಾಗಲಿಲ್ಲ. ಎದ್ದು ನಿಂತೆ.

"ಚಂದಣ್ಣ, ನಾನು ಐರಿನ್. ಆ ಜೀವಿಯನ್ನು ನೋಡಿದ್ದು ನಾನು. ಅದು ಹುಳ ಅಲ್ಲ. ಸೂಜಿಯ ಮೊನೆಯ ಮೇಲೆ ಕೂರುವಷ್ಟು ಸಣ್ಣದು. ಆಮೆಯ ಕರುಳಿನಲ್ಲಿ ಇರುತ್ತದೆ, ಅದು ಅದರ ಮನೆ. ನಮ್ಮ ಹೊಟ್ಟೆಯಲ್ಲಿ ಅದು ಬದುಕುವುದಿಲ್ಲ. ಪಡುಬಿದ್ರಿಯಲ್ಲಿರಲಿ, ಹೆಜಮಾಡಿಯಲ್ಲಿರಲಿ, ಆಮೆ ಇದ್ದಲ್ಲೆಲ್ಲ ಅದರ ಅಣ್ಣತಮ್ಮಂದಿರು ಇರುತ್ತಾರೆ."

"ಹೆಜಮಾಡಿಯಲ್ಲಿ ಇಲ್ಲ" ಎಂದರು ಚಂದು.

"ನಿಮ್ಮಲ್ಲಿ ಯಾರಾದರೂ ಆಮೆಯ ಹಿಕ್ಕೆ ನೋಡಿದ್ದಾರಾ?"

"ನಾವು ಎಂತಕ್ಕೆ ನೋಡುವುದು?"

"ಹಾಗಾದರೆ ಇಲ್ಲ ಅಂತ ಹೇಗೆ ಹೇಳ್ತೀರಿ?"

ಚಪ್ಪರದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಂದು ಮೀಸೆ ಒರೆಸಿಕೊಂಡರು. "ಸರಿ. ನೀವು ಕುಡಿಯಿರಿ ನೋಡುವ."

ಚೊಂಬು ಎತ್ತಿ ಕುಡಿದೆ, ಪೂರ್ತಿ. ತಂಪಾದ ಒಳ್ಳೆಯ ನೀರು. ಇನ್ನೊಂದು ಚೊಂಬು ತರಿಸಿ ಅದನ್ನೂ ಕುಡಿದೆ.

"ಈಗ ಸಂಜೆಯವರೆಗೆ ನೋಡುವ" ಎಂದು ಚಂದು ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು ಕುಳಿತರು.

ಬಾನಿಯಲ್ಲಿದ್ದ ಅಜ್ಜೆರಿಗೆ ಅಂದು ಹೇಗಾಗಿರಬೇಕು ಎಂದು ನನಗೆ ಆಗ ಗೊತ್ತಾಯಿತು. ಜನ ಸುತ್ತ ಕುಳಿತು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಹೊಟ್ಟೆ ಮೊದಲು ಮೆಲ್ಲಗೆ, ಆಮೇಲೆ ದೋಣಿಯ ಇಂಜಿನಿನ ಹಾಗೆ ಗುಡುಗಿತು. ಕಕ್ಕಸು ಹಿತ್ತಲಿನ ತುದಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಇಡೀ ಚಪ್ಪರವನ್ನು ದಾಟಬೇಕು.

ನನ್ನ ಮುಖ ನೋಡಿ ಪುಷ್ಪಕ್ಕನಿಗೆ ತಿಳಿಯಿತು. "ಟೀಚರ್, ಬನ್ನಿ, ಹಿತ್ತಲಿನಲ್ಲಿ ನಮ್ಮ ಮಲ್ಲಿಗೆ ಗಿಡ ತೋರಿಸ್ತೇನೆ" ಎಂದು ಎಬ್ಬಿಸಿಕೊಂಡು ಹೋದರು.

ಬಂದು ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಕಮಲ, "ಟೀಚರ್, ಆ ಕಡೆಯ ಮಲ್ಲಿಗೆ ನೀವು ನೋಡಲಿಲ್ಲ" ಎಂದಳು. ಹೋಗಿ ಬಂದೆ. ಮತ್ತೆ ಸ್ವಲ್ಪ ಹೊತ್ತಿಗೆ ಮನೋರಮಾ ಎದ್ದು, ನಾನು ಗಿಡವೊಂದನ್ನು ಕೇಳಿದ್ದೆ ಎಂದು ಘೋಷಿಸಿದಳು.

ಚಂದು ಎದ್ದು ನಿಂತರು. "ಟೀಚರಿಗೆ ಮಲ್ಲಿಗೆ ಮೇಲೆ ಇಷ್ಟು ಪ್ರೀತಿಯಾ?"

ಗುಣಪಾಲರು ಗೇಟು ಬಿಟ್ಟು ಒಳಗೆ ಬಂದರು. ಪುಷ್ಪಕ್ಕ ಕಂಬ ಹಿಡಿದುಕೊಂಡರು.

"ಮಲ್ಲಿಗೆ ಅಲ್ಲ ಚಂದಣ್ಣ, ಭೇದಿ" ಎಂದೆ.

ಚಪ್ಪರದ ಹಿಂದಿನ ಸಾಲಿನಲ್ಲಿ ಕಿವಿ ಮಂದವಾದ ಒಬ್ಬ ಅಜ್ಜಿ, "ಎಂತದಂತೆ?" ಎಂದು ಕೇಳಿದರು.

"ಭೇದಿ!" ಎಂದು ಗಟ್ಟಿಯಾಗಿ ಹೇಳಿದೆ. "ಬೆಳಿಗ್ಗೆ ಈ ನೀರು ಮುಟ್ಟುವ ಮೊದಲೇ ಶುರುವಾದದ್ದು. ನೀರಿನದ್ದಲ್ಲ, ಜೀವಿಯದ್ದಲ್ಲ, ಅಜ್ಜೆರದ್ದಂತೂ ಅಲ್ಲವೇ ಅಲ್ಲ. ನಿನ್ನೆ ನಮ್ಮ ಹಬ್ಬ. ನಾನು ಹಂದಿ ಮಾಂಸ ಮಿತಿಮೀರಿ ತಿಂದೆ."

"ನಾನು ಸಾಕ್ಷಿ!" ಜೆರ್ಟ್ರೂಡ್ ಬಾಯಿ ಬುಟ್ಟಿ ಹಿಡಿದುಕೊಂಡೇ ಮುಂದೆ ಬಂದರು. "ಆದರೆ ಒಂದು ಮಾತು. ನನ್ನ ಅಡುಗೆಯಲ್ಲಿ ದೋಷ ಇಲ್ಲ. ಅದೇ ಮಾಂಸ ನಾನೂ ತಿಂದಿದ್ದೇನೆ, ನನಗೆ ಎಂತ ಆಗಿದೆ? ಇವಳು ಹೊಟ್ಟೆ ನೋಡಿ ಬಡಿಸಿಕೊಂಡದ್ದಲ್ಲ, ಪಾತ್ರೆ ನೋಡಿ ಬಡಿಸಿಕೊಂಡದ್ದು!"

ಚಂದುವಿಗೆ ನಗಬೇಕೋ ನಂಬಬೇಕೋ ತಿಳಿಯಲಿಲ್ಲ. "ಹೇಳುವುದು ಯಾರು ಬೇಕಾದರೂ ಹೇಳಬಹುದು" ಎಂದು ಶುರು ಮಾಡಿದರು.

ಆಗ ರುಕ್ಮಯ ಎದ್ದ. ಬೆಳಗ್ಗಿನಿಂದ ಅವನು ತುಟಿ ಬಿಚ್ಚಿರಲಿಲ್ಲ. ಗಲ್ಲದಲ್ಲಿ ಬೆಲ್ಲದ ತುಂಡು ಇನ್ನೂ ಉಬ್ಬಿಕೊಂಡಿತ್ತು. ನೇರ ಬಾವಿಕಟ್ಟೆಗೆ ಹೋಗಿ, ಕೊಡ ಇಳಿಸಿ, ಸೇದಿ, ಕೊಡವನ್ನೇ ಎತ್ತಿ ಗಟಗಟ ಕುಡಿದ. ಹೊಸ ಅಂಗಿಯೆಲ್ಲ ಒದ್ದೆಯಾಯಿತು. ಕುಡಿದು ಮುಗಿಸಿ ತಿರುಗಿ, "ಮಾವ, ನನಗೆ ಬಾಯಾರಿಕೆ ಆಗಿತ್ತು" ಎಂದ.

ಅಷ್ಟೇ. ಅವನ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು, ಆಮೇಲೆ ನೂಕುನುಗ್ಗಲು. ಹೆಜಮಾಡಿಯವರಿಗೆ ಗಂಟಲು ಅಷ್ಟು ಒಣಗಿತ್ತು. ಕೊನೆಗೆ ಚಂದುವೂ ಎದ್ದು, ಯಾರನ್ನೂ ನೋಡದೆ, ಚೊಂಬಿನಲ್ಲಿ ಕುಡಿದು, "ಉಪ್ಪು ಇಲ್ಲ. ಒಳ್ಳೆ ನೀರು" ಎಂದರು. ಗುಣಪಾಲರು ಹೋಗಿ ಡ್ರಮ್ಮನ್ನು ತಾವೇ ಒಳಗೆ ತಂದು, ಊಟದ ಮೇಲೆ ಕೈತೊಳೆಯಲು ಇಟ್ಟರು.

ಅಜ್ಜೆರನ್ನು ಬಾವಿಗೆ ಇಳಿಸುವಾಗ ಜೆರ್ಟ್ರೂಡ್ ಬಾಯಿ ಎಲ್ಲರಿಗಿಂತ ಹೆಚ್ಚು ಅತ್ತರು.

ಹಿಂದೆ ಬರುವಾಗ ಮನೋರಮಾ, "ಐರಿನ್, ನೀನು ಬದಲಾಗಿದ್ದೀಯ" ಎಂದಳು. ಇವತ್ತು ಒಂದೇ ದಿನದಲ್ಲಿ ತೂಕ ಇಳಿದಿರಬೇಕು.

ಮೇ 3, ಭಾನುವಾರ

ಬಚ್ಚಲುಮನೆಯ ಕಾಲದ ಗಾಜಿನ ಪಟ್ಟಿಗಳನ್ನು ಈಗ ನೋಡಿದೆ. ಮೊದಲ ದಿನಗಳದ್ದರಲ್ಲಿ ಕೋಶಕೇಂದ್ರ ಲಾಳದ ಹಾಗೆ. ಆಮೇಲೆ ಲಾಳ ನಿಧಾನವಾಗಿ ದಪ್ಪವಾಗುತ್ತದೆ, ತುದಿಗಳು ಹತ್ತಿರ ಬರುತ್ತವೆ, ಈಸ್ಟರಿನ ಹೊತ್ತಿಗೆ ಉಂಡೆ.

ಎಲ್ಲರಿಗೂ ಗೊತ್ತಿರುವ ಹಳೆಯ ಪ್ರಭೇದದ ಉಂಡೆ!

ಬೇರೆ ಜೀವಿ ಅಲ್ಲ ಇದು. ಅಜ್ಜೆರ್ ಹಸಿದಿದ್ದರೆ ಲಾಳ, ಹೊಟ್ಟೆ ತುಂಬಿದ್ದರೆ ಉಂಡೆ. ನನ್ನ ಹೊಸ ಪ್ರಭೇದವನ್ನು ಜೆರ್ಟ್ರೂಡ್ ಬಾಯಿ ಬನ್ನು ಹಾಕಿ ಹಾಕಿ ಹಳೆಯದು ಮಾಡಿದ್ದಾರೆ.

ಪಟ್ಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟೆ. ಆಮೇಲೆ ನಗು ಬಂತು.

ಮೇ 10, ಭಾನುವಾರ

ಕಾಪುವಿಗೆ ಹೋಗಿ ಬಂದೆ. ಬಾವಿಯಲ್ಲಿ ಅಜ್ಜೆರ್ ಮತ್ತೆ ತೆಳ್ಳಗಾಗಿದ್ದಾರೆ. ಹಿಕ್ಕೆಯಲ್ಲಿ ಮತ್ತೆ ಲಾಳ. ಇನ್ನು ಸಂಶಯವಿಲ್ಲ.

ಇಷ್ಟೇ ಅಲ್ಲ. ಕೋಶಕೇಂದ್ರದ ಆಕಾರ ಒಂದನ್ನೇ ನಂಬಿ ಬೇರೆ ಹೆಸರಿಟ್ಟ ಇನ್ನೊಂದು ಪ್ರಭೇದ ಹಳೆಯ ಪತ್ರಿಕೆಯಲ್ಲಿ ಸಿಕ್ಕಿತು. ಕಾರ್ಕಳದ ಕೆರೆಯ ಆಮೆಯದ್ದು. ಅರ್ಧ ಬಾಗಿದ ಕೋಶಕೇಂದ್ರ, ಅಂದರೆ ಅರ್ಧ ಹೊಟ್ಟೆ ತುಂಬಿದ ಆಮೆ. ಅದೂ ಬೇರೆಯಲ್ಲ, ಆ ಹೆಸರನ್ನೂ ತೆಗೆಯಬೇಕು. ಪುಟ ತಿರುಗಿಸಿ ಬರೆದವರು ಯಾರೆಂದು ನೋಡಿದೆ.

ನಮ್ಮ ಸಾರ್. ಅವರ ಮದುವೆಯ ವರ್ಷ. ಪ್ರಭೇದದ ಹೆಸರು ಆಂಜೆಲೇ.

ಮೇ 14, ಗುರುವಾರ

ಸಾರ್ ಹತ್ತಿರ ಹೇಳಿದೆ. ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ತೋರಿಸಿದೆ. ಬ್ಯಾಪ್ಟಿಸ್ಟೈ ಇಲ್ಲ ಎಂದಾಗ ಅವರು ಒಂದು ಉಸಿರು ಬಿಟ್ಟರು. ಆಂಜೆಲೇಯೂ ಇಲ್ಲ ಎಂದಾಗ ಪಟ್ಟಿಗಳನ್ನು ಮೊದಲಿನಿಂದ ಮತ್ತೊಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು.

"ನೀನು ಹೇಳುವುದು ಸರಿ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಆದರೆ ಮನೆಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲಮ್ಮ. ಭಾನುವಾರ ನೀನೇ ಬಂದು ಹೇಳು."

ಪಾಪ.

ಮೇ 17, ಭಾನುವಾರ

ಮಣಿಪಾಲಕ್ಕೆ ಹೋದೆ. ಆಂಜೆಲಾ ಬಾಯಿ ಕಾಫಿಯ ತಟ್ಟೆ ಹಿಡಿದು ಬಂದರು. ಸಾರ್ ದಿನಪತ್ರಿಕೆಯ ಹಿಂದೆ ಅಡಗಿದ್ದರು.

"ಬಾಯಿ, ಒಂದು ವಿಷಯ. ಕಾರ್ಕಳದ ಆಮೆಯ ಕರುಳಿನ ಜೀವಿಗೆ ನಿಮ್ಮ ಹೆಸರು ಉಂಟಲ್ಲ. ಅದು ಬೇರೆ ಪ್ರಭೇದವೇ ಅಲ್ಲ ಎಂದು ಗೊತ್ತಾಗಿದೆ. ಜೀವಿ ಇರುತ್ತದೆ. ನಿಮ್ಮ ಹೆಸರು ಹೋಗುತ್ತದೆ."

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಪೂರ್ತಿ ಹೋಗುತ್ತದಾ?"

"ಪೂರ್ತಿ."

"ತಿರುಗಿ ಬರುವುದಿಲ್ಲವಾ?"

"ಇಲ್ಲ."

ಆಂಜೆಲಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ದೇವರು ದೊಡ್ಡವರು! ಮದುವೆಯಾದಂದಿನಿಂದ ಎಲ್ಲಿಗೆ ಹೋದರೂ ಇವರದ್ದು ಒಂದೇ ಮಾತು, 'ಇವಳು ನನ್ನ ಹೆಂಡತಿ, ಆಮೆಯ ಕರುಳಿನಲ್ಲಿ ಇವಳ ಹೆಸರು ಉಂಟು.' ನನ್ನ ತಂಗಿಯ ಮದುವೆಯಲ್ಲಿ ಮೈಕಿನಲ್ಲಿ ಹೇಳಿದ್ದಾರೆ, ಐರಿನ್. ಬಿಷಪರ ಹತ್ತಿರವೂ ಹೇಳಿದ್ದಾರೆ!"

ಪತ್ರಿಕೆ ಕೆಳಗಿಳಿಯಿತು. "ನಿನಗೆ ಇ‌ಷ್ಟ ಅಂತ ಅಂದುಕೊಂಡಿದ್ದೆ, ಆಂಜೆಲಾ. ಅದು ಮದುವೆಯ ಉಡುಗೊರೆ."

"ಒಂದು ಸೀರೆ ಕೊಟ್ಟಿದ್ದರೆ ಆಗುತ್ತಿತ್ತು."

ಸಾರ್ ಹೆಂಡತಿಯನ್ನು ನೋಡಿದರು. ನನ್ನನ್ನು ನೋಡಿದರು. ಎದ್ದು ಚಪ್ಪಲಿ ಹಾಕಿಕೊಂಡರು. "ಸೀರೆ ಅಂಗಡಿ ಭಾನುವಾರ ತೆರೆದಿರುತ್ತದಾ?"

ಉಡುಪಿಯಲ್ಲಿ ಒಂದು ತೆರೆದಿರುತ್ತದೆ ಎಂದೆ. ಮೂವರೂ ಹೊರಟೆವು.

ಬಸ್ಸಿನಲ್ಲಿ ಜನವೋ ಜನ, ನಿಂತೇ ಹೋಗಬೇಕಾಯಿತು. ಸಾರ್ ನನ್ನ ಕಡೆ ಬಾಗಿ, ಪ್ರಬಂಧವನ್ನು ಎಲ್ಲಿಂದ ಶುರು ಮಾಡುತ್ತೀಯ ಎಂದು ಕೇಳಿದರು. ಇಂಜಿನಿನ ಸದ್ದಿನಲ್ಲಿ ಅವರಿಗೆ ಕೇಳಿಸಬೇಕಲ್ಲ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ಆಮೆಯ ಹಿಕ್ಕೆಯನ್ನು ಹಸಿಯಾಗಿ ಹೇಗೆ ಹಿಡಿಯಬೇಕು, ಅದರ ಬಣ್ಣ ಮತ್ತು ಹದ ನೋಡಿ ಹಸಿವನ್ನು ಹೇಗೆ ಅಳೆಯಬೇಕು, ನೀರು ನೀರಾಗಿದ್ದರೆ ಏನರ್ಥ. ಪಕ್ಕದ ಸೀಟಿನಲ್ಲಿ ಗೋಳಿಬಜೆ ತಿನ್ನುತ್ತಿದ್ದ ದಂಪತಿ ಪೊಟ್ಟಣ ಮಡಚಿ ಎದ್ದು ಮುಂದೆ ಹೋದರು. ಹತ್ತಿರದಲ್ಲಿ ಇಳಿಯುವವರಿದ್ದರೋ ಏನೋ. ಒಳ್ಳೆಯದೇ ಆಯಿತು. ಆಂಜೆಲಾ ಬಾಯಿಗೂ ಸಾರ್‌ಗೂ ಕುಳಿತುಕೊಳ್ಳಲು ಜಾಗ ಸಿಕ್ಕಿತು.